14 ಹುಣಸೆ ಬೀಜ, ಎರಡು ಬಟ್ಟಲು: ನನ್ನ ಎಂ.ಎಸ್ಸಿ ಡಿಸರ್ಟೇಷನ್ ಅನುಭವ

ಕಲಬುರಗಿ ಕಡೆ ಮನಃಶಾಸ್ತ್ರ ಎಂ.ಎಸ್ಸಿ ಮಾಡುವವರಿಗೆ ಡಿಸರ್ಟೇಷನ್‌ಗೆ ಒಂದು ಸಲೀಸಾದ ದಾರಿ ಇದೆ. ಯಾವುದಾದರೂ ಪದವಿ ಕಾಲೇಜಿಗೆ ಹೋಗುವುದು, ಪ್ರಿನ್ಸಿಪಾಲರ ಸಹಿ ತೆಗೆದುಕೊಳ್ಳುವುದು, ಇನ್ನೂರು ಮಕ್ಕಳಿಗೆ ಪ್ರಶ್ನಾವಳಿ ಹಂಚುವುದು, ಟಿ-ಟೆಸ್ಟ್ ಅನ್ನುವ ಲೆಕ್ಕ ಹಾಕಿ ಬೈಂಡಿಂಗ್‌ಗೆ ಕೊಡುವುದು. ವಾರದೊಳಗೆ ಡೇಟಾ ಕೈಯಲ್ಲಿರುತ್ತದೆ. ನಮ್ಮ ಬ್ಯಾಚ್‌ನಲ್ಲಿ ಹೆಚ್ಚಿನವರು ಹಾಗೇ ಮಾಡಿದರು. ತಪ್ಪೇನಿಲ್ಲ.

ನನಗೆ ಮಾತ್ರ ಕೂಲಿಗೆ ಹೋಗುವ, ಓದು ಬಾರದ ಹೆಂಗಸರಲ್ಲಿ ಖಿನ್ನತೆಯ ಲಕ್ಷಣಗಳನ್ನು ಅಳೆಯಬೇಕಿತ್ತು. ಗೈಡ್ ಕೇಳಿದ ಮೊದಲ ಪ್ರಶ್ನೆ, "ಓದಾಕ ಬರದವರಿಗೆ ಸ್ಕೇಲ್ ಹ್ಯಾಂಗ ಕೊಡ್ತಿ?" ಸ್ಕೇಲ್ ಅಂದರೆ ಅಂಕ ಹಾಕಿ ಅಳೆಯುವ ಪ್ರಶ್ನಾವಳಿ. ನಾನು ಓದಿ ಹೇಳುತ್ತೇನೆ ಅಂದೆ. ಅವರು ತಲೆಯಾಡಿಸಿದ ರೀತಿ ನೋಡಿದರೆ ಒಪ್ಪಿದರೋ ಕೈಬಿಟ್ಟರೋ ತಿಳಿಯಲಿಲ್ಲ. ಆಮೇಲೆ ಬೀಜ ಎಣಿಸಿ ಉತ್ತರ ಕೊಡಿಸುವ ಐಡಿಯಾ ಹೇಳಿದಾಗ ಮಾತ್ರ ಸ್ಪಷ್ಟವಾಗಿಯೇ ಹೇಳಿದರು: "ಅಳಗುಳಿಮಣಿ ಆಡ್ಲಾಕ ಎಂ.ಎಸ್ಸಿ ಸೇರಿದ್ಯೇನವ್ವ?" ಈಗ ವೈವಾ ಮುಗಿದಿದೆ, ಅಂಕ ಬಂದಿದೆ, ಇಬ್ಬರು ಜೂನಿಯರ್‌ಗಳು ನನ್ನ ಬಟ್ಟಲು ಕೇಳಿ ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸ್ಕೇಲ್ ಆರಿಸಿದ್ದು ದುಡ್ಡಿನ ಲೆಕ್ಕದಲ್ಲಿ. ಬೆಕ್ ಅನ್ನುವವರ ಖಿನ್ನತೆಯ ಪ್ರಶ್ನಾವಳಿ ಬಿಡಿಐ-2 ಕೊಂಡುಕೊಳ್ಳಬೇಕು, ಮೇಲಾಗಿ 21 ಗುಂಪು ವಾಕ್ಯಗಳು. ಬಿಸಿಲಲ್ಲಿ ಕೂತು ಅಷ್ಟನ್ನೂ ಕೇಳಿಸಿಕೊಳ್ಳುವವರು ಯಾರು? ಅದೇ ಕೆಲಸಕ್ಕಿರುವ ಪಿಎಚ್‌ಕ್ಯೂ-9 ಪುಕ್ಕಟೆ, ಅನುಮತಿ ಬೇಕಿಲ್ಲ, ಒಂಬತ್ತೇ ಪ್ರಶ್ನೆ, ಕನ್ನಡದಲ್ಲೂ ಸಿಗುತ್ತದೆ. ತೊಂದರೆ ಪ್ರಶ್ನೆಯಲ್ಲಿಲ್ಲ, ಉತ್ತರದಲ್ಲಿ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾಲೂ. ಕ್ರಮವಾಗಿ 0, 1, 2, 3 ಅಂಕ. ನಾಲ್ಕನೆಯದು ಓದುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಬರುವ ಉತ್ತರ ಏನು ಗೊತ್ತಾ? "ಆಗ್ತದ ಮಗಳ, ಸಂಸಾರ ಅಂದಮ್ಯಾಲ ಆಗ್ತದ." ಇದಕ್ಕೆ 1 ಹಾಕಬೇಕೋ 3 ಹಾಕಬೇಕೋ? ಗೆಳತಿಯೊಬ್ಬಳನ್ನು ಕೂರಿಸಿ ಅದೇ ರೆಕಾರ್ಡಿಂಗ್ ಕೇಳಿಸಿ ಬೇರೆಯಾಗಿ ಅಂಕ ಹಾಕಿಸಿದೆ. ಅವಳದ್ದೂ ನನ್ನದೂ ಅರ್ಧದಷ್ಟು ಕಡೆ ತಾಳೆಯಾಗಲಿಲ್ಲ. ಸುಮಾರು 40 ಜನರ ಪೈಲಟ್‌ನಲ್ಲಿ, ಅಂದರೆ ಮೊದಲ ಪ್ರಯೋಗದಲ್ಲಿ, ಆಲ್ಫಾ (ಸ್ಕೇಲಿನ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) 0.6ರ ಆಸುಪಾಸು ಬಂತು, ಕಡಿಮೆಯೇ. ಗೈಡ್ ಅದನ್ನು ನೋಡಿ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಆಮೇಲೆ ಎಲ್ಲರೂ ಮಾಡುವಂತೆ ಮುಖದ ಚಿತ್ರ ತೆಗೆದುಕೊಂಡು ಹೋದೆ. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಲ್ಯಾಮಿನೇಷನ್‌ಗೇ ಇನ್ನೂರು ರೂಪಾಯಿ ಹೋಯಿತು. ಹೆಂಗಸರು ಚೆಂದ ಕಂಡ ಮುಖ ಆರಿಸಿದರು. ಅಳುವ ಮುಖ ಮುಟ್ಟುವುದಕ್ಕೇ ಒಬ್ಬರು ಒಪ್ಪಲಿಲ್ಲ, ಅಪಶಕುನ ಅಂದರು. ಹತ್ತು ಸೆಂಟಿಮೀಟರ್ ಗೆರೆ ಎಳೆದು ಬೆರಳು ಇಡಿ ಅಂದೆ, ಬಹುತೇಕ ಎಲ್ಲರೂ ನಡುವೆ ಇಟ್ಟರು. ನಡುವೆ ಇಡುವುದು ಮರ್ಯಾದೆ ಅಲ್ವಾ, ಯಾವ ಕಡೆಗೂ ವಾಲಿದ ಹಾಗೆ ಆಗುವುದಿಲ್ಲ.

ದಿನವನ್ನೇ ಕೈಯಲ್ಲಿ ಕೊಟ್ಟರೆ ಹೇಗೆ ಅಂತ ಹೊಳೆದದ್ದು ಇಲ್ಲಿಂದ. ಪ್ರಶ್ನೆ ಕೇಳುವುದು ಎರಡು ವಾರದ ಬಗ್ಗೆ. ಅಂದರೆ 14 ದಿನ. 14 ಕಾಳು ಕೊಡುವುದು, "ಇಷ್ಟು ದಿನದಾಗ ಹಾಂಗ ಎಷ್ಟು ದಿನ ಆಯ್ತು, ಅಷ್ಟು ಕಾಳು ಈ ಬಟ್ಟಲಿಗೆ ಹಾಕ್ರಿ" ಅನ್ನುವುದು. 0-1 ಬಂದರೆ ಸೊನ್ನೆ ಅಂಕ, 2ರಿಂದ 6 ಬಂದರೆ 1, 7ರಿಂದ 11ಕ್ಕೆ 2, 12ರಿಂದ 14ಕ್ಕೆ 3.

ಮೊದಲು ಒಂದು ರೂಪಾಯಿ ನಾಣ್ಯ ಒಯ್ದಿದ್ದೆ. ಕೆಲವರು ಎಣಿಸಿ ಸಂಚಿಗೆ ಹಾಕಿಕೊಂಡರು. ವಾಪಸ್ ಕೊಡಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆಮೇಲೆ ತೊಗರಿ ಕಾಳು. ತೊಗರಿಗೆ ನಮ್ಮ ಜಿಲ್ಲೆಯದೇ ಹೆಸರು, 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ, ಡಿಸರ್ಟೇಷನ್‌ನಲ್ಲಿ ಬರೆಯಲು ಚೆನ್ನಾಗಿರುತ್ತದೆ ಅನ್ನುವ ಆಸೆಯೂ ಇತ್ತು. ಆದರೆ ಕೋಳಿ ಬಿಡಬೇಕಲ್ಲ. ಆಳಂದ ಕಡೆಯ ಒಂದು ಅಂಗಳದಲ್ಲಿ ನಾಲ್ಕನೇ ಪ್ರಶ್ನೆಯ ಡೇಟಾವನ್ನು ಕೋಳಿ ತಿಂದಿದೆ. ಜೋಳ ಇನ್ನೂ ಚಿಕ್ಕದು, ಬೆರಳಿಗೆ ಸಿಗುವುದಿಲ್ಲ. ಕೊನೆಗೆ ಹುಣಸೆ ಬೀಜ. ಬೇಸಿಗೆಯಲ್ಲಿ ಪ್ರತಿ ಮನೆಯಲ್ಲೂ ಹುಣಸೆಹಣ್ಣು ಕುಟ್ಟಿರುತ್ತಾರೆ, ಬೀಜ ಪುಕ್ಕಟೆ. ನುಣುಪಾಗಿ, ದೊಡ್ಡದಾಗಿ, ಕೈಗೆ ಹಿತವಾಗಿ ಇರುತ್ತದೆ. ಚಿಕ್ಕವರಿದ್ದಾಗ ಅದರಲ್ಲೇ ಆಡಿದವರು. ಎಣಿಸಲು ಹೇಳಿಕೊಡಬೇಕಾದದ್ದೇ ಇಲ್ಲ.

ಎರಡು ವಾರ ಅಂದರೆ ಯಾವಾಗಿನಿಂದ ಅನ್ನುವುದು ಇನ್ನೊಂದು ತಕರಾರು. ತಾರೀಖು ಹೇಳಿದರೆ ಪ್ರಯೋಜನವಿಲ್ಲ. ಸಂತೆ ಹೇಳಿದರೆ ಎಲ್ಲರಿಗೂ ಗೊತ್ತು. ನಾನು ಊರಿನ ಸಂತೆಯ ಮರುದಿನ ಹೋಗುತ್ತಿದ್ದೆ. ನಿನ್ನೆಯದು ಬಿಟ್ಟು, ಅದರ ಹಿಂದಿನದೂ ಬಿಟ್ಟು, ಅದರಾಚೆಯ ಸಂತೆ ಮುಗಿದಲ್ಲಿಂದ ನಿನ್ನೆಯವರೆಗೆ. ಅಷ್ಟು ಹೇಳಿದರೆ ಅವರೇ ಅಂದು ಏನು ಕೊಂಡಿದ್ದು, ಯಾರು ಜೊತೆಗಿದ್ದರು ಎಲ್ಲ ಹೇಳುತ್ತಿದ್ದರು. ಮೊದಲಿಗೆ ಒಂದು ಸುಲಭದ ಪ್ರಶ್ನೆ: ಈ ದಿನಗಳಲ್ಲಿ ಎಷ್ಟು ದಿನ ಕೂಲಿಗೆ ಹೋಗಿದ್ರಿ? ಉದ್ಯೋಗ ಖಾತ್ರಿ ಕೆಲಸದವರಾದರೆ ಹಾಜರಾತಿ ಜೊತೆ ತಾಳೆ ನೋಡಬಹುದು. ನೋಡಿದೆ. ಒಂದೆರಡು ದಿನ ಆಚೆ ಈಚೆ, ಅಷ್ಟೇ.

ಇಷ್ಟಕ್ಕೇ ಗೆದ್ದೆ ಅಂದುಕೊಂಡೆ. ಆದರೆ ಸ್ಟೀಲ್ ಬಟ್ಟಲು. ಸೂಪರ್ ಮಾರ್ಕೆಟ್ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಜೋಡಿಗೆ ಎಂಬತ್ತೋ ತೊಂಬತ್ತೋ ಕೊಟ್ಟು ತಂದಿದ್ದೆ. ಒಂದೊಂದು ಬೀಜ ಬಿದ್ದಾಗಲೂ ಟಣ್ ಅನ್ನುತ್ತದೆ. ಒಳಕೋಣೆಯಲ್ಲಿ ಕೂತ ಅತ್ತೆ ಅದನ್ನು ಎಣಿಸುತ್ತಿದ್ದರು! ಸೊಸೆ ಐದನೆಯ ಬೀಜಕ್ಕೆ ಕೈ ತಡೆದಾಗ ನನಗೆ ಅರ್ಥವಾಯಿತು. ದರ್ಜಿ ಅಂಗಡಿಯಿಂದ ಕುಬಸದ ಚೂರು ತಂದು ಬಟ್ಟಲ ತಳಕ್ಕೆ ಹಾಕಿದೆ. ಸದ್ದು ನಿಂತಿತು. ಉತ್ತರಗಳು ಬದಲಾದವು. ನನ್ನ ಇಡೀ ಡಿಸರ್ಟೇಷನ್‌ನ ಅತಿ ಅಗ್ಗದ ತಿದ್ದುಪಡಿ ಅದು, ಅತಿ ಹೆಚ್ಚು ಕೆಲಸ ಮಾಡಿದ್ದೂ ಅದೇ.

ಯಾಕೆಂದರೆ ಹಳ್ಳಿಯಲ್ಲಿ ಒಬ್ಬರನ್ನೇ ಮಾತಾಡಿಸುವುದು ಅಂತ ಇಲ್ಲವೇ ಇಲ್ಲ. ಕೂತ ಐದು ನಿಮಿಷಕ್ಕೆ ಓಣಿಯ ಹೆಂಗಸರು ಸೇರುತ್ತಾರೆ. "ಆಕಿಗೇನ್ ಚಿಂತಿ, ಆರಾಮ್ ಅದಾಳ" ಅಂತ ಅವರೇ ಉತ್ತರ ಕೊಡುತ್ತಾರೆ. ಬಾಯಲ್ಲಿ ಉತ್ತರ ಕೇಳುವ ತನಕ ನಾನು ಅಳೆಯುತ್ತಿದ್ದದ್ದು ಓಣಿಯ ಅಭಿಪ್ರಾಯವನ್ನು. ಬೀಜ ಕೊಟ್ಟ ಮೇಲೆ ಉತ್ತರ ಕೈಯಲ್ಲಿ ಬರುತ್ತದೆ, ಸೆರಗಿನ ಮರೆಯಲ್ಲಿ ಬರುತ್ತದೆ. ನಾನು ಎದುರಿಗೆ ಕಾಗದವನ್ನೂ ಇಡುತ್ತಿರಲಿಲ್ಲ. ಬೀಜ ಎಣಿಸಿ ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದು ಅಂಕಿ ಬರೆದುಕೊಂಡರೆ ಮುಗಿಯಿತು. ಅತ್ತೆಯನ್ನೂ ನೆರೆಯವರನ್ನೂ ಬೇಸರವಾಗದ ಹಾಗೆ ದೂರ ಕಳಿಸುವುದಕ್ಕೆ ನನ್ನ ಹತ್ತಿರ ಇನ್ನೊಂದು ಉಪಾಯ ಇದೆ. ಅದು ನನ್ನ ಪೇಪರ್‌ನಲ್ಲಿ ಬರುತ್ತದೆ, ಅಲ್ಲಿಯ ತನಕ ಇರಲಿ.

ಕಾಗದದ ವಿಷಯ ಬಂತಲ್ಲ, ಅದೂ ಹೇಳುತ್ತೇನೆ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಓದು ಬಾರದವರಿಂದ ಒಪ್ಪಿಗೆ ಪಡೆಯಲು ಹೆಬ್ಬೆಟ್ಟು ಬೇಕು, ಪಕ್ಕದಲ್ಲಿ ಓದು ಬಲ್ಲ ಸಾಕ್ಷಿ ಬೇಕು. ಹೆಬ್ಬೆಟ್ಟು ಅಂದ ಕೂಡಲೇ ಮುಖ ಬಾಡುತ್ತದೆ. ಸಂಘದ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಸುಸ್ತಾದವರು. ಇನ್ನು ಕೆಲವರಿಗೆ ನಾನು ಗೃಹಲಕ್ಷ್ಮಿ ಕಡೆಯವಳು. "ಎರಡು ಸಾವಿರ ಎರಡು ತಿಂಗಳಿಂದ ಬಂದಿಲ್ರಿ ಮೇಡಂ, ಬರಕೋರಿ." ಸರ್ಕಾರದ ಪಟ್ಟಿ ಅಂದುಕೊಂಡರೆ ಕಷ್ಟ ಜಾಸ್ತಿ ಹೇಳುತ್ತಾರೆ, ಹೆಸರು ತೆಗೆಯುತ್ತಾರೆ ಅಂದುಕೊಂಡರೆ ಕಷ್ಟವೇ ಇಲ್ಲ ಅನ್ನುತ್ತಾರೆ. ಎರಡೂ ಡೇಟಾ ಕೆಡಿಸುತ್ತವೆ. ಆಶಾ ಕಾರ್ಯಕರ್ತೆ ಒಬ್ಬರನ್ನು ಸಾಕ್ಷಿಯಾಗಿ ಕರೆದುಕೊಂಡು ಹೋಗಿ, ಒಪ್ಪಿಗೆ ಮುಗಿದ ಕೂಡಲೇ ಅವರನ್ನು ಆಚೆ ಮನೆಗೆ ಚಹಾಕ್ಕೆ ಕಳಿಸುತ್ತಿದ್ದೆ.

ಪ್ರಶ್ನೆಗಳಲ್ಲೂ ಒಂದಷ್ಟು ಒದ್ದಾಟ ಇದೆ. ಮೂರನೆಯದು ನಿದ್ದೆ ಬಾರದಿರುವುದು ಇಲ್ಲವೇ ಅತಿ ನಿದ್ದೆ, ಐದನೆಯದು ಹಸಿವಿಲ್ಲದಿರುವುದು ಇಲ್ಲವೇ ಅತಿಯಾಗಿ ತಿನ್ನುವುದು. ಬಾಯಲ್ಲಿ ಒಟ್ಟಿಗೆ ಕೇಳಿದರೆ ಗೊಂದಲ. ನಾನು ಎರಡು ಸಲ ಬೀಜ ಹಾಕಿಸಿ ಜಾಸ್ತಿ ಬಂದದ್ದನ್ನು ತೆಗೆದುಕೊಂಡೆ. ಏಳನೆಯದರಲ್ಲಿ ಪೇಪರ್ ಓದುವಾಗ, ಟಿವಿ ನೋಡುವಾಗ ಗಮನ ನಿಲ್ಲುತ್ತದೆಯೇ ಅಂತಿದೆ. ಪೇಪರ್ ಬಿಟ್ಟು ಜೋಳ ಹಸನು ಮಾಡುವುದನ್ನು ಸೇರಿಸಿದೆ. ಕಲ್ಲು ಆರಿಸುವಾಗ ಗಮನ ತಪ್ಪಿದರೆ ರೊಟ್ಟಿಯಲ್ಲಿ ಹಲ್ಲಿಗೆ ಗೊತ್ತಾಗುತ್ತದೆ, ಲೆಕ್ಕ ಪಕ್ಕಾ. ನಾಲ್ಕನೆಯದು ಸುಸ್ತು. ತೊಗರಿ ಕೊಯ್ಲಿನಲ್ಲಿ, ಹತ್ತಿ ಬಿಡಿಸುವಾಗ ಕೇಳಿದರೆ ಎಲ್ಲರೂ 14 ಬೀಜ ಸುರಿಯುತ್ತಾರೆ. ಆ ಪ್ರಶ್ನೆಯ ಅಂಕ ಒಟ್ಟು ಸ್ಕೋರ್ ಜೊತೆ ಹೊಂದುವುದೇ ಇಲ್ಲ. ಬೇಸಿಗೆಯಲ್ಲಿ ಕೇಳಿದರೆ ನಿದ್ದೆಯದು ಅದೇ ಕಥೆ. ಮೇ ತಿಂಗಳಲ್ಲಿ 43 ಡಿಗ್ರಿ, ರಾತ್ರಿ ಕರೆಂಟ್ ಇಲ್ಲ, ಯಾರಿಗೆ ನಿದ್ದೆ? ಹಾಗಾಗಿ ಕೊಯ್ಲು ಮುಗಿದು ಬಿಸಿಲು ಏರುವ ಮೊದಲಿನ ದಿನಗಳೇ ಸರಿ ಅಂತ ಈಗ ಹೇಳುತ್ತೇನೆ. ಆರನೆಯ ಪ್ರಶ್ನೆ, ತನ್ನ ಬಗ್ಗೆ ತನಗೇ ಕೆಟ್ಟದನಿಸುವುದು, ಅದನ್ನು ಹೇಗೆ ಕೇಳಿದೆ ಅನ್ನುವುದನ್ನು ಬರೆಯುವುದಿಲ್ಲ. ಆರೇಳು ರೀತಿ ಕೇಳಿ ನೋಡಿ ಸಿಕ್ಕ ವಾಕ್ಯ ಅದು.

ಒಂಬತ್ತನೆಯದು ಸತ್ತರೇ ಒಳ್ಳೆಯದು ಅನಿಸುವ ಪ್ರಶ್ನೆ. ಬಾಯಲ್ಲಿ ಕೇಳಿದಾಗ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಅಂದಿದ್ದರು. ಬೀಜ ಕೊಟ್ಟಾಗ ಕೆಲವರು ಹಾಕಿದರು. ಮಾತಿಲ್ಲದೆ ಹಾಕಿದರು. ಕಮಿಟಿಯಲ್ಲಿ ಒಬ್ಬರು ಈ ಪ್ರಶ್ನೆಯನ್ನೇ ತೆಗೆದುಬಿಡಿ ಅಂದಿದ್ದರು, ಎಂಟೇ ಪ್ರಶ್ನೆಯ ಪಿಎಚ್‌ಕ್ಯೂ-8 ಮಾಡಿಬಿಡಿ ಅಂತ. ನಾನು ಬಿಡಲಿಲ್ಲ. ಆದರೆ ಕೇಳುವ ಮೊದಲೇ ಮುಂದೇನು ಅನ್ನುವುದು ಸಿದ್ಧವಿರಬೇಕು. ಒಂದು ಬೀಜ ಬಿದ್ದರೂ ಸಂದರ್ಶನ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಡೇಟಾ ಆಮೇಲೆ. ಕೂತು ಮಾತಾಡುವುದು, ಅವರ ಒಪ್ಪಿಗೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ನನ್ನ ಫೋನಿನಿಂದಲೇ ಹಚ್ಚಿಕೊಡುವುದು, ತಾಲೂಕು ಆಸ್ಪತ್ರೆಯಲ್ಲಿ ಯಾವ ದಿನ ಯಾರನ್ನು ಕಾಣಬೇಕು ಅಂತ ತಿಳಿಸುವುದು, ಮರುವಾರ ಮತ್ತೆ ಹೋಗಿ ನೋಡುವುದು. ಈ ಏರ್ಪಾಡು ಇಲ್ಲದವರು ಈ ಬಟ್ಟಲು ಮುಟ್ಟಲೇಬೇಡಿ. ಜೂನಿಯರ್‌ಗಳಿಗೂ ಇದೇ ಶರತ್ತು ಹಾಕಿ ಕೊಟ್ಟಿದ್ದೇನೆ.

ದುಡ್ಡಿನ ವಿಷಯ. ಸೀನಿಯರ್‌ಗಳು ಮೂರು ಸಾವಿರದಲ್ಲಿ ಎಲ್ಲ ಮುಗಿಯುತ್ತದೆ ಅಂದಿದ್ದರು. ನನಗೆ ಒಂಬತ್ತೋ ಹತ್ತೋ ಸಾವಿರ ಹಿಡಿಯಿತು. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ನಯಾಪೈಸೆ ಇಲ್ಲ, ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಚಿತ್ತಾಪುರ, ಜೇವರ್ಗಿ, ಆಳಂದ ಎಲ್ಲ ಪುಕ್ಕಟೆ ಸುತ್ತಿದೆ. ಜೊತೆಗೆ ಬರುತ್ತಿದ್ದ ಕ್ಲಾಸ್‌ಮೇಟ್ ಹುಡುಗನ ಟಿಕೆಟ್ ಮಾತ್ರ ನನ್ನ ತಲೆಗೆ. ಮುಖ್ಯರಸ್ತೆಯಿಂದ ಊರೊಳಗೆ ಆಟೋಗೆ ಇಪ್ಪತ್ತು ಮೂವತ್ತು ಹೋಗುತ್ತಿತ್ತು, ಅದು ಸೇರಿ ಸೇರಿ ದೊಡ್ಡದಾಯಿತು. ಸಮಯ ಕೊಟ್ಟವರಿಗೆ ಮೊದಲು ಐವತ್ತು ರೂಪಾಯಿ ಕೊಟ್ಟು ನೋಡಿದೆ. ಮರುದಿನ ಓಣಿಯೇ ಸಾಲು ನಿಂತಿತ್ತು, ಗಂಡಂದಿರು ಹೆಂಡತಿಯರನ್ನು ಕಳಿಸುತ್ತಿದ್ದರು. ನಿಲ್ಲಿಸಿಬಿಟ್ಟೆ. ಆಮೇಲೆ ಕೊನೆಯಲ್ಲಿ, ಮೊದಲೇ ಹೇಳದೆ, ಒಂದು ಸೋಪು. ಅಂಕಿಅಂಶದ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಕೊಳ್ಳುವ ತಾಕತ್ತಿಲ್ಲ, ಜಾಮೋವಿಯಲ್ಲಿ ಎಲ್ಲ ಮಾಡಿದೆ, ಪುಕ್ಕಟೆ. ಬೈಂಡಿಂಗ್‌ನವನು ಮಾತ್ರ ಚೌಕಾಶಿಗೆ ಬಗ್ಗಲಿಲ್ಲ. ಬಂಗಾರದ ಅಕ್ಷರ, ಐದು ಪ್ರತಿ, ಒಂದೂವರೆ ಸಾವಿರದ ಮೇಲೆ. ವಿದ್ಯಾರ್ಥಿವೇತನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಂಜೆ ಎಂಟನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿ ತೂಗಿಸಿದೆ.

ಫಲಿತಾಂಶ ನೆನಪಿನಿಂದ ಹೇಳುತ್ತೇನೆ. ನೂರಾ ಅರವತ್ತರ ಹತ್ತಿರ ಹೆಂಗಸರು. ಆಲ್ಫಾ 0.8 ದಾಟಿತು. ಮೂರ್ನಾಲ್ಕು ದಿನ ಬಿಟ್ಟು ಮೂವತ್ತು ಚಿಲ್ಲರೆ ಜನರಿಗೆ ಮತ್ತೆ ಹಾಕಿಸಿದಾಗ ಐಸಿಸಿ (ಎರಡು ಸಲದ ಉತ್ತರಗಳು ಎಷ್ಟು ತಾಳೆಯಾಗುತ್ತವೆ ಅನ್ನುವ ಅಂಕಿ) ಕೂಡ 0.8ರ ಆಸುಪಾಸು. ಬೀಜಗಳು 0, 7, 14ಕ್ಕೆ ಗುಂಪುಗಟ್ಟುತ್ತವೆ, ಅದು ನಿಜ. ಕೆಲವರು ಎಣಿಸುವುದೇ ಇಲ್ಲ, ಹಿಡಿಯಲ್ಲಿ ಎತ್ತಿ ಹಾಕುತ್ತಾರೆ. ಆದರೆ ಸ್ಕೋರ್ ಬರುವುದು ಗುಂಪಿನಲ್ಲಿ. ಮೂರೋ ನಾಲ್ಕೋ ಅನ್ನುವ ವ್ಯತ್ಯಾಸಕ್ಕೆ ಅಂಕ ಬದಲಾಗುವುದಿಲ್ಲ. ತಕರಾರು ಇರುವುದು 6-7ರ ಗಡಿಯಲ್ಲಿ, 11-12ರ ಗಡಿಯಲ್ಲಿ. ಅಲ್ಲಿ ಬಿದ್ದಾಗ ಮಾತ್ರ "ನಡುವಿನ ಸಂತಿ ದಿನ ಹ್ಯಾಂಗಿತ್ತು?" ಅಂತ ಇನ್ನೊಮ್ಮೆ ಕೇಳುತ್ತಿದ್ದೆ.

ವೈವಾದಲ್ಲಿ ನಿರೀಕ್ಷಿಸಿದ ಪ್ರಶ್ನೆಯೇ ಬಂತು. ವ್ಯಾಲಿಡೇಟ್ ಆದ (ಪರೀಕ್ಷಿಸಿ ಒಪ್ಪಿದ) ಟೂಲ್‌ನ ಉತ್ತರದ ರೂಪ ಬದಲಿಸಿದ್ದೀರಲ್ಲ, ಯಾರ ಅಪ್ಪಣೆ? ಇದಕ್ಕೆ ಉತ್ತರ ನನ್ನ ಜೇಬಿನಲ್ಲಿತ್ತು. ಅಮೆರಿಕದ ಬಿಆರ್‌ಎಫ್‌ಎಸ್‌ಎಸ್ ಅನ್ನುವ ದೊಡ್ಡ ಫೋನ್ ಸಮೀಕ್ಷೆಯಲ್ಲಿ 2006ರಲ್ಲೇ ಪಿಎಚ್‌ಕ್ಯೂ-8 ಅನ್ನು ದಿನಗಳ ಲೆಕ್ಕದಲ್ಲಿ ಕೇಳಿದ್ದಾರೆ. 0-1, 2-6, 7-11, 12-14 ಅನ್ನುವ ವಿಂಗಡಣೆ ಅಲ್ಲಿಯದೇ. ಅವರು ಫೋನಿನಲ್ಲಿ ಅಂಕಿ ಕೇಳಿದರು, ನಾನು ಅಂಗಳದಲ್ಲಿ ಬೀಜ ಕೇಳಿದೆ. ಪರೀಕ್ಷಕರು ಒಂದು ನಿಮಿಷ ಸುಮ್ಮನಿದ್ದು ಮುಂದಿನ ಪುಟ ತಿರುಗಿಸಿದರು. ಗೈಡ್ ನನ್ನ ಕಡೆ ನೋಡಿದ್ದನ್ನು ನಾನೂ ನೋಡಿದೆ, ಬಿಡಿ. ಒಂದು ಮಾತು ಮಾತ್ರ ಒಪ್ಪಬೇಕು: ಖಿನ್ನತೆ ಇರಬಹುದು ಅನ್ನಲು ಹಾಕುವ 10 ಅಂಕದ ಗಡಿ (ಕಟ್-ಆಫ್) ಬೀಜದ ರೂಪಕ್ಕೂ ಅನ್ವಯಿಸುತ್ತದೆ ಅಂತ ಹೇಳಲು ನನ್ನ ಡೇಟಾ ಸಾಲದು. ಯಾರಿಗೂ ಖಿನ್ನತೆ ಇದೆ ಅಂತ ಹಣೆಪಟ್ಟಿ ಹಚ್ಚಿಲ್ಲ.

ನಡುವೆ ಬೇರೆ ಹುಚ್ಚಾಟಗಳೂ ಆದವು. ಗಂಡಸರ ಮೇಲೆ ಬೀಜ ಪ್ರಯೋಗಿಸಿದೆ. ಚಹಾದಂಗಡಿ ಕಟ್ಟೆಯ ಮೇಲೆ ಕೂತವರು ಬೀಜವನ್ನು ಒಬ್ಬರಿಗೊಬ್ಬರು ಎಸೆದಾಡಿದರು. ಒಬ್ಬ "ಫಿಫ್ಟಿ ಪರ್ಸೆಂಟ್ ಬರಕೋರಿ" ಅಂದ. ಗಂಡಸರಿಗೆ ಇದು ಆಗಿಬರುವುದಿಲ್ಲ, ಅಲ್ಲಿಗೆ ಬಿಟ್ಟೆ. ಇನ್ನೊಂದು, ಬಸ್ ಕಾಯುವಾಗ ಸುಮ್ನೆ ಶುರುವಾದದ್ದು, ಡಿಜಿಟ್ ಸ್ಪ್ಯಾನ್, ಅಂದರೆ ಒಮ್ಮೆ ಕೇಳಿ ಎಷ್ಟು ಅಂಕಿ ನೆನಪಿನಿಂದ ಹೇಳಬಹುದು ಅನ್ನುವುದು. ಕಲಬುರಗಿಯಲ್ಲಿ ಆಟೋದವರು, ಬಳೆ ಅಂಗಡಿಯವರು ಕನ್ನಡ, ದಖನಿ (ಈ ಕಡೆಯ ಉರ್ದು) ಎರಡೂ ಸಲೀಸಾಗಿ ಆಡುತ್ತಾರೆ. ಅಂಕಿಗಳನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ದಖನಿಯಲ್ಲಿ ಹೇಳಿ ತಿರುಗಿ ಹೇಳಿಸಿದೆ. ಏಕ್, ದೋ, ತೀನ್ ಬೇಗ ಮುಗಿಯುತ್ತವೆ, ಒಂದು, ಎರಡು, ಮೂರು ಉದ್ದ. ಇಪ್ಪತ್ತು ಜನರಲ್ಲಿ ಹೆಚ್ಚಿನವರಿಗೆ ದಖನಿಯಲ್ಲಿ ಒಂದು ಅಂಕಿ ಜಾಸ್ತಿ ನೆನಪಿತ್ತು. ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ವೆಲ್ಷ್-ಇಂಗ್ಲಿಷ್ ಮಾತಾಡುವವರಲ್ಲಿ ಇದನ್ನೇ ತೋರಿಸಿದ್ದರು. ಹಾಗಾಗಿ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಕನ್ನಡದ ಮಕ್ಕಳ ಡಿಜಿಟ್ ಸ್ಪ್ಯಾನ್ ಅಂಕವನ್ನು ಹೊರಗಿನ ನಾರ್ಮ್ಸ್ (ಹೋಲಿಕೆಗೆ ಇಟ್ಟ ಸರಾಸರಿ ಅಂಕ) ಜೊತೆ ಹೋಲಿಸುವವರು ಇದನ್ನು ನೆನಪಿಡಬೇಕು. ಓದಿದ ಮಾಧ್ಯಮ ಯಾವುದು ಅಂತ ನಾನು ನಿಯಂತ್ರಿಸಿಲ್ಲ, ಯಾರಾದರೂ ಸರಿಯಾಗಿ ಮಾಡಿ.

ಈಗ ಬೇರೆ ಸ್ಕೇಲ್‌ಗಳಿಗೆ ಹಾಕಿ ನೋಡುತ್ತಿದ್ದೇನೆ. ಮಾನಸಿಕ ಒತ್ತಡ ಅಳೆಯುವ ಪಿಎಸ್‌ಎಸ್-10 ಕೈಕೊಟ್ಟಿತು. ಅದು ಒಂದು ತಿಂಗಳ ಬಗ್ಗೆ ಕೇಳುತ್ತದೆ, 30 ಬೀಜ ಕೊಟ್ಟರೆ ಯಾರೂ ಎಣಿಸುವುದಿಲ್ಲ, ಹಿಡಿ ಹಿಡಿಯಾಗಿ ಸುರಿಯುತ್ತಾರೆ. ಮೇಲಾಗಿ ಅದರ ಅರ್ಧ ಪ್ರಶ್ನೆಗಳು ದಿನದ ಲೆಕ್ಕಕ್ಕೆ ಸಿಗುವಂಥವಲ್ಲ. ಆತಂಕ ಅಳೆಯುವ ಜಿಎಡಿ-7 ಸರಿಹೊಂದುತ್ತಿದೆ, ಅದೂ ಎರಡು ವಾರದ್ದೇ, ಅವೇ ನಾಲ್ಕು ಉತ್ತರ. ಬೀಜಗಳಿಗೆ ಮಾತ್ರ ಮಳೆಗಾಲದಲ್ಲಿ ಹುಳು ಬಿತ್ತು, ಎರಡು ದಿನ ಬಿಸಿಲಿಗೆ ಹಾಕಿ ಡಬ್ಬಿಯಲ್ಲಿ ಬೇವಿನ ಎಲೆ ಇಟ್ಟಿದ್ದೇನೆ. ಬೇಕಾದವರು ತಮ್ಮದೇ ಬೀಜ ತಂದುಕೊಳ್ಳಿ, ನನ್ನವು ಈಗಾಗಲೇ ಜೇವರ್ಗಿಯಲ್ಲಿವೆ.